ಕೆಂಪು ದೀಪದ ಎದುರು ಕೂತವರು

(1/6)
108ಕ್ಕೆ ಫೋನ್ ಮಾಡಿದ್ರೆ ಆಂಬುಲೆನ್ಸ್ ಬರುತ್ತೆ ಅನ್ನೋದು ಎಲ್ರಿಗೂ ಗೊತ್ತು. ಆದರೆ ಆಂಬುಲೆನ್ಸಿಗಿಂತ ಮೊದಲು ಒಂದು ದನಿ ಬರುತ್ತೆ. ಯಾವ ಊರು? ಏನಾಯ್ತು? ಉಸಿರಾಡ್ತಿದ್ದಾರಾ? ನಮ್ಮ ಇತಿಹಾಸದ ಪುಸ್ತಕದಲ್ಲಿ ರಾಜರಿದ್ದಾರೆ, ಒಪ್ಪಂದಗಳಿವೆ, ಯುದ್ಧಗಳಂತೂ ಲೆಕ್ಕವಿಲ್ಲ. ಆ ದನಿಯವರ ಬಗ್ಗೆ ಒಂದು ಸಾಲೂ ಇಲ್ಲ. ಈ ಸಲದ ಸೀರೀಸ್ ಅವರದ್ದು. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಕೂತಾಗ ಓದಿ.

(2/6)
1935ರ ನವೆಂಬರ್ 10, ಲಂಡನ್. ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿತ್ತು. ಎದುರು ಮನೆಯ ನಾರ್ಮನ್ ಮ್ಯಾಕ್‌ಡೊನಾಲ್ಡ್ ಫೋನ್ ಎತ್ತಿ ಎಕ್ಸ್‌ಚೇಂಜಿಗೆ ಡಯಲ್ ಮಾಡಿದರು. ಯಾರೂ ಎತ್ತಲಿಲ್ಲ. ಕರೆ ಕ್ಯೂನಲ್ಲಿತ್ತು. ಆ ಬೆಂಕಿಯಲ್ಲಿ 5 ಜನ ಹೆಂಗಸರು ಸತ್ತರು. ಸಿಟ್ಟಾದ ಮ್ಯಾಕ್‌ಡೊನಾಲ್ಡ್ 'ದಿ ಟೈಮ್ಸ್' ಪತ್ರಿಕೆಗೆ ಕಾಗದ ಬರೆದರು. ವಿಚಾರಣೆ ಆಯಿತು, ಸಮಿತಿ ಕೂತಿತು.

ಇಲ್ಲಿ ಸ್ವಲ್ಪ ನಿಲ್ಲಿ. ಆಪರೇಟರ್ ಸೋಮಾರಿ ಅಂತ ತೀರ್ಮಾನ ಮಾಡಿಬಿಡೋದು ಸುಲಭ. ಆದರೆ ಆಗಿನ ಸ್ವಿಚ್‌ಬೋರ್ಡ್ ಹೇಗಿತ್ತು ಅಂತ ಯೋಚನೆ ಮಾಡಿ. ಯಾರು ಕರೆ ಮಾಡಿದರೂ ಬೋರ್ಡಿನಲ್ಲಿ ಒಂದು ಪುಟ್ಟ ದೀಪ ಹತ್ತುತ್ತೆ. ಅತ್ತೆ ಮನೆಗೆ ಲೈನ್ ಕೇಳೋರ ದೀಪವೂ ಅದೇ, ಮನೆ ಸುಡುತ್ತಿರೋರ ದೀಪವೂ ಅದೇ. ಎತ್ತಿ ಕೇಳೋವರೆಗೂ ಯಾವುದು ಯಾವುದು ಅಂತ ಗೊತ್ತಾಗೋ ದಾರಿಯೇ ಇಲ್ಲ. ನನ್ನ ಪ್ರಕಾರ ಈ ಇಡೀ ಇತಿಹಾಸದ ಬೇರು ಇದೇ. ಸಹಾಯ ಇತ್ತು, ಫೋನೂ ಇತ್ತು, ಆದರೆ ಯಾವ ಕರೆ ಮೊದಲು ಎತ್ತಬೇಕು ಅಂತ ಕೂತವರಿಗೆ ತಿಳಿಸೋ ವ್ಯವಸ್ಥೆ ಇರಲಿಲ್ಲ.

(3/6)
1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಶುರುವಾಯಿತು. 999 ಯಾಕೆ, 111 ಯಾಕಲ್ಲ? ಆಗಿನ ಫೋನ್‌ಗಳಲ್ಲಿ ತಿರುಗಿಸೋ ಡಯಲ್ ಇತ್ತಲ್ಲ, ಅದರಲ್ಲಿ 1 ಅಂದ್ರೆ ತಂತಿಯಲ್ಲಿ ಒಂದೇ ಒಂದು ಮಿಡಿತ. ಗಾಳಿಗೆ ತಂತಿಗಳು ಒಂದಕ್ಕೊಂದು ತಾಗಿದರೂ 111 ತಾನಾಗೇ ಡಯಲ್ ಆಗಿಬಿಡೋ ಅಪಾಯ. 0 ಒತ್ತಿದರೆ ಆಗಲೇ ಆಪರೇಟರಿಗೆ ಹೋಗುತ್ತಿತ್ತು. 0ಗೆ ಪಕ್ಕದಲ್ಲೇ ಇದ್ದದ್ದು 9. ಹಾಗಾಗಿ ನಾಣ್ಯ ಹಾಕದೆ 9 ತಿರುಗಿಸೋ ಹಾಗೆ ರಸ್ತೆಬದಿ ಫೋನ್ ಪೆಟ್ಟಿಗೆಗಳನ್ನು ಬದಲಾಯಿಸೋದು ಸುಲಭ ಇತ್ತು. ಹೊಗೆ ತುಂಬಿದ ಕತ್ತಲ ಕೋಣೆಯಲ್ಲೂ ಬೆರಳಿಂದ ತಡವಿ ಹುಡುಕಬಹುದು, ಕೊನೆಯಿಂದ ಎರಡನೇ ತೂತು. ಎಂಜಿನಿಯರಿಂಗ್ ಓದೋರಿಗೆ ಈ ಪ್ಯಾರಾ ಇಷ್ಟ ಆಗುತ್ತೆ ಅಂತ ಗೊತ್ತು.

ಎಕ್ಸ್‌ಚೇಂಜ್ ಒಳಗೆ ಆದ ಬದಲಾವಣೆ ಇನ್ನೂ ದೊಡ್ಡದು. 999 ಬಂದರೆ ಕೆಂಪು ದೀಪ ಹತ್ತುತ್ತೆ, ಜೊತೆಗೆ ಕಿವಿ ಕಿತ್ತುಹೋಗೋ ಥರ ಹಾರ್ನ್ ಹೊಡ್ಕೊಳ್ಳುತ್ತೆ. ಸದ್ದು ತಡೆಯೋಕಾಗದೆ ಆಪರೇಟರ್‌ಗಳು ಹಾರ್ನಿನ ಬಾಯಿಗೆ ಟೆನಿಸ್ ಚೆಂಡು ತುರುಕುತ್ತಿದ್ದರಂತೆ!

ಜನರಿಗೆ ಯಾವುದು ತುರ್ತು ಅಂತ ಕಲಿಸಬೇಕಿತ್ತು. ಪಕ್ಕದ ಫ್ಲಾಟಿನವನು ಹೆಂಡತಿಯನ್ನು ಕೊಲ್ಲುತ್ತಿದ್ದರೆ, ಮುಸುಕು ಹಾಕಿದ ಕಳ್ಳ ಬ್ಯಾಂಕಿನ ಪೈಪ್ ಹಿಂದಿನಿಂದ ಇಣುಕುತ್ತಿದ್ದರೆ ಮಾತ್ರ ಮಾಡಿ ಅನ್ನೋ ಅರ್ಥದಲ್ಲಿ 'ಈವ್ನಿಂಗ್ ನ್ಯೂಸ್' ಬರೆಯಿತು. ಸಾಕುನಾಯಿ ಕಳೆದುಹೋಗಿದ್ದಕ್ಕೆಲ್ಲ ಮಾಡಬೇಡಿ ಅಂತಲೂ ಹೇಳಿತು.

ಹಗಲು ಹೊತ್ತು ಈ ಬೋರ್ಡುಗಳ ಮುಂದೆ ಕೂರುತ್ತಿದ್ದವರು ಹೆಣ್ಣುಮಕ್ಕಳು. ಬ್ರಿಟನ್ನಿನ ಟೆಲಿಫೋನ್ ನಡೆಸುತ್ತಿದ್ದದ್ದು ಅಂಚೆ ಇಲಾಖೆ. ಅಲ್ಲಿ ಮದುವೆಯಾದ ಹೆಣ್ಣು ಕೆಲಸ ಬಿಡಬೇಕು ಅನ್ನೋ ನಿಯಮ 1946ರವರೆಗೂ ಇತ್ತು. ಅಂದ್ರೆ ಇಡೀ ನಗರದ ಕಿರುಚಾಟ ಕೇಳಿಸಿಕೊಳ್ಳೋ ಅನುಭವ ಗಳಿಸಿದವಳು, ತಾಳಿ ಬಿದ್ದ ದಿನ ಅಲ್ಲ ಬಿಡಿ, ಅಲ್ಲಿ ಉಂಗುರ ಬಿದ್ದ ದಿನ ಮನೆಗೆ ಹೋಗಬೇಕು. ಓದಿದಾಗ ನನಗೆ ಬೆಂಕಿಗಿಂತ ಇದೇ ಜಾಸ್ತಿ ಉರಿಸಿತು.

(4/6)
ಸೈಕಾಲಜಿ ತಗೊಂಡಿರೋ ಫ್ರೆಂಡ್ಸ್, ಇದು ನಿಮಗೆ. ನ್ಯೂಯಾರ್ಕಿನ ಕಿಟ್ಟಿ ಜೆನೊವೀಸ್ ಕೊಲೆ, 1964 ಮಾರ್ಚ್ 13. 38 ಜನ ನೋಡಿದರು, ಯಾರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಅಂತ ಪಠ್ಯದಲ್ಲಿ ಓದಿರ್ತೀರಿ. ಆ 38ರ ಲೆಕ್ಕ ಸರಿಯಲ್ಲ, ಪೂರ್ತಿ ಘಟನೆ ಕಂಡವರು ತೀರಾ ಕಡಿಮೆ, ಕೆಲವರು ಫೋನ್ ಮಾಡಿದ್ದೆವು ಅಂತಲೂ ಹೇಳಿದ್ದಾರೆ. ಸುದ್ದಿ ಬರೆದ 'ನ್ಯೂಯಾರ್ಕ್ ಟೈಮ್ಸ್' ಕೂಡ 2016ರಲ್ಲಿ ಆ ವರದಿಯಲ್ಲಿ ತಪ್ಪಿತ್ತು ಅಂತ ಒಪ್ಪಿಕೊಂಡಿತು. ಪಾಠದಲ್ಲಿ ಹೇಳದ ಇನ್ನೊಂದು ವಿಷಯ: ಆಗ ಅಲ್ಲಿ 911 ಇರಲೇ ಇಲ್ಲ. ಇಡೀ ನಗರದ ಮನಸ್ಸು ಕಲ್ಲಾಗಿತ್ತು ಅಂತ ಬೈಯೋ ಮೊದಲು ಇದನ್ನೂ ನೆನಪಿಡಬೇಕಲ್ವಾ?

911ರ ಮೊದಲ ಕರೆ 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಅನ್ನೋ ಸಣ್ಣ ಊರಲ್ಲಿ. ದೈತ್ಯ ಕಂಪನಿ ಎಟಿ&ಟಿ ಘೋಷಣೆ ಮಾಡಿ ತಯಾರಿ ನಡೆಸುತ್ತಿರುವಾಗ ಒಂದು ಚಿಕ್ಕ ಟೆಲಿಫೋನ್ ಕಂಪನಿ ಓಡಿ ಮುಂದೆ ಹೋಯಿತು! ನ್ಯೂಯಾರ್ಕಿಗೆ ಅದೇ ವರ್ಷ ಜುಲೈಯಲ್ಲಿ ಬಂತು.

(5/6)
ಇಲ್ಲಿವರೆಗೂ ಆಪರೇಟರ್ ಕೆಲಸ ಅಂದ್ರೆ ಕೇಳು, ವಿಳಾಸ ಬರ್ಕೋ, ಗಾಡಿ ಕಳಿಸು. 1970ರ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯ ಅಗ್ನಿಶಾಮಕ ಇಲಾಖೆಯ ಜೊತೆಗಿದ್ದ ಡಾಕ್ಟರ್ ಜೆಫ್ ಕ್ಲಾಸನ್ ಇದನ್ನು ಬದಲಿಸಿದರು. ಪ್ರಶ್ನೆಗಳನ್ನು ಕಾರ್ಡುಗಳ ಮೇಲೆ ಬರೆದುಕೊಟ್ಟರು. ಎಚ್ಚರ ಇದ್ದಾರಾ? ಉಸಿರಾಟ ಇದೆಯಾ? ಉತ್ತರ ನೋಡಿ ಯಾವ ಗಾಡಿ, ಎಷ್ಟು ಬೇಗ ಅಂತ ನಿರ್ಧಾರ. ಗಾಡಿ ಬರೋವರೆಗೆ ಕರೆ ಮಾಡಿದವರು ಏನು ಮಾಡಬೇಕು ಅನ್ನೋದೂ ಕಾರ್ಡಿನಲ್ಲೇ ಇತ್ತು.

ಊಹಿಸಿಕೊಳ್ಳಿ. ಅಪ್ಪ ಕುಸಿದು ಬಿದ್ದಿದ್ದಾರೆ, ಮಗಳು ಫೋನ್ ಹಿಡಿದು ಅಳ್ತಿದ್ದಾಳೆ. ಆ ಕಡೆಯವರಿಗೆ ಏನೂ ಕಾಣಲ್ಲ. ಆದರೂ ಸ್ಪೀಕರ್ ಆನ್ ಮಾಡಮ್ಮ, ಎದೆ ಮಧ್ಯ ಅಂಗೈ ಇಡು, ಜೋರಾಗಿ ಒತ್ತು, ನಾನು ಎಣಿಸ್ತೀನಿ ಅಂತಾರೆ. ಒಂದು, ಎರಡು, ಮೂರು, ನಾಲ್ಕು. ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬಾಗಿಲಿಗೆ ಬಂದ ಕ್ಷಣ ಫೋನ್ ಕಟ್. ಅಪ್ಪ ಉಳಿದರಾ? ಎಣಿಸಿದವರಿಗೆ ಸಾಮಾನ್ಯವಾಗಿ ಗೊತ್ತಾಗೋದೇ ಇಲ್ಲ, ಅಷ್ಟರಲ್ಲಿ ಮುಂದಿನ ಕರೆ.

ಮಾತೇ ಬರದ ಕರೆಗಳೂ ಇವೆ. ಹೊಡೆಯೋನು ಪಕ್ಕದಲ್ಲೇ ನಿಂತಿರುವಾಗ ಹೇಗೆ ಮಾತಾಡೋದು? ಬ್ರಿಟನ್ನಿನಲ್ಲಿ ಮೊಬೈಲಿಂದ 999 ಮಾಡಿ ಸುಮ್ಮನಿದ್ದರೆ 55 ಒತ್ತಿ ಅಂತಾರೆ. ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತೆ.

(6/6)
ನಮ್ಮಲ್ಲಿ? ಪೊಲೀಸ್‌ಗೆ 100, ಬೆಂಕಿಗೆ 101 ಅಂತ ಬೇರೆಬೇರೆ ನಂಬರುಗಳು ತುಂಬಾ ಹಿಂದಿನಿಂದ ಇದ್ದವು. 108 ಹೈದರಾಬಾದಿನಲ್ಲಿ 2005ರ ಆಗಸ್ಟ್ 15ಕ್ಕೆ ಶುರುವಾಯಿತು. ಕರ್ನಾಟಕಕ್ಕೆ ಬಂದದ್ದು 2008ರ ರಾಜ್ಯೋತ್ಸವದ ದಿನ, 'ಆರೋಗ್ಯ ಕವಚ' ಅನ್ನೋ ಹೆಸರಲ್ಲಿ. ಎಲ್ಲಕ್ಕೂ ಒಂದೇ ನಂಬರು 112 ಅನ್ನೋ ವ್ಯವಸ್ಥೆಯನ್ನು ಮೊದಲು ತಂದ ರಾಜ್ಯ ಹಿಮಾಚಲ, 2018ರಲ್ಲಿ. ಆಮೇಲೆ ನಮಗೂ ಬಂತು.

ಲಂಡನ್ನಿನವರಿಗೆ ಬಾರದ ಕಷ್ಟ ಒಂದು ನಮ್ಮವರಿಗಿದೆ. ಹೊಸಹಳ್ಳಿ ಅನ್ನೋ ಊರು ನಮ್ಮಲ್ಲಿ ಎಷ್ಟಿವೆ ಹೇಳಿ ನೋಡೋಣ? ಯಾವ ತಾಲ್ಲೂಕು, ಯಾವ ಹೋಬಳಿ, ದೇವಸ್ಥಾನದ ಮುಂದೋ ಹಿಂದೋ ಅಂತ ಕೇಳಲೇಬೇಕು. ಗಾಬರಿಯಲ್ಲಿರೋರು 'ಇಷ್ಟೆಲ್ಲ ಯಾಕ್ರೀ ಕೇಳ್ತೀರಿ, ಬೇಗ ಗಾಡಿ ಕಳ್ಸಿ' ಅಂತ ಬೈತಾರೆ. ಬೈಸ್ಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು. ತಪ್ಪು ಹೊಸಹಳ್ಳಿಗೆ ಗಾಡಿ ಹೋದರೆ ಆ ಅರ್ಧ ಗಂಟೆ ಯಾರೂ ವಾಪಸ್ ಕೊಡಲ್ಲ.

ಕೊನೆಗೊಂದು ಸರ್ಕಾರಿ ಪಟ್ಟಿ. ಅಮೆರಿಕದ ಕೇಂದ್ರ ಸರ್ಕಾರ ದೇಶದ ಎಲ್ಲ ಉದ್ಯೋಗಗಳನ್ನು ವಿಂಗಡಿಸುತ್ತೆ. 2018ರ ಪಟ್ಟಿಯಲ್ಲಿ ಪೊಲೀಸರು, ಅಗ್ನಿಶಾಮಕದವರು, ಈಜುಕೊಳದ ಕಾವಲಿನವರು, ಪಾರ್ಕಿಂಗ್ ದಂಡ ಹಾಕೋರು ಎಲ್ಲರೂ 'ರಕ್ಷಣಾ ಸೇವೆ'ಯಲ್ಲಿದ್ದಾರೆ. 911 ಕರೆ ಎತ್ತುವವರು ಇರೋದು 'ಕಚೇರಿ ಮತ್ತು ಆಡಳಿತ ಸಹಾಯ'ದಲ್ಲಿ, ಗುಮಾಸ್ತರ ಜೊತೆ. ಇದನ್ನು ಬದಲಿಸಿ ಅಂತ ಅವರು ವರ್ಷಗಳಿಂದ ಕೇಳ್ತಾ ಇದ್ದಾರೆ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳು ತಮ್ಮ ಕಾನೂನಿನಲ್ಲಿ ಬದಲಿಸಿಯೂ ಆಗಿದೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಈ ಕೆಲಸ ಮಾಡೋರು ಇದ್ದರೆ ಹೆಸರು ಹಾಕದೆ ಕಮೆಂಟ್ ಮಾಡಿ: ನೈಟ್ ಶಿಫ್ಟಲ್ಲಿ ಯಾವ ಹೊತ್ತಿಗೆ ಕರೆ ಜಾಸ್ತಿ ಬರುತ್ತೆ?

#ಪುಸ್ತಕದಲ್ಲಿಲ್ಲದಇತಿಹಾಸ #ಕನ್ನಡ