ಕ್ರಿಯಾಟಿನ್ ಪೂರಕ ಮತ್ತು ಮೂತ್ರಪಿಂಡ

ಕ್ರಿಯಾಟಿನ್ ಸ್ನಾಯುಗಳಲ್ಲಿ ಶೇಖರವಾಗಿರುವ ಸಾರಜನಕಯುಕ್ತ ಸಂಯುಕ್ತ. ಭಾರ ಎತ್ತುವುದು, ವೇಗದ ಓಟ ಮೊದಲಾದ ಅಲ್ಪಾವಧಿಯ ತೀವ್ರ ಶ್ರಮಕ್ಕೆ ಬೇಕಾದ ಶಕ್ತಿಯನ್ನು ಇದು ತಕ್ಷಣ ಒದಗಿಸುತ್ತದೆ. 1832ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್ ಇದನ್ನು ಮಾಂಸದಿಂದ ಬೇರ್ಪಡಿಸಿದರು. ಅರ್ಜಿನಿನ್, ಗ್ಲೈಸಿನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳನ್ನು ಬಳಸಿ ದೇಹವೇ ಇದನ್ನು ತಯಾರಿಸಿಕೊಳ್ಳುತ್ತದೆ. ಮೊದಲ ಹಂತ ಹೆಚ್ಚಾಗಿ ಮೂತ್ರಪಿಂಡದಲ್ಲಿ, ಎರಡನೆಯದು ಯಕೃತ್ತಿನಲ್ಲಿ ನಡೆಯುತ್ತದೆ. ಮಾಂಸ ಮತ್ತು ಮೀನು ತಿನ್ನುವವರಿಗೆ ಆಹಾರದಿಂದಲೂ ಸಿಗುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಸಂಗ್ರಹ ಸಾಮಾನ್ಯವಾಗಿ ಕಡಿಮೆ.

ಜಿಮ್‌ಗಳಲ್ಲಿ ಬಳಕೆಯಲ್ಲಿರುವುದು ಕ್ರಿಯಾಟಿನ್ ಮೊನೊಹೈಡ್ರೇಟ್ ಪುಡಿ. ದಿನಕ್ಕೆ 3ರಿಂದ 5 ಗ್ರಾಂ ವಾಡಿಕೆಯ ಪ್ರಮಾಣ. ಕೆಲವರು ಮೊದಲ 5–7 ದಿನ 20 ಗ್ರಾಂ ಅನ್ನು ನಾಲ್ಕು ಭಾಗ ಮಾಡಿ ಸೇವಿಸುತ್ತಾರೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಇದನ್ನು ನಿಷೇಧಿಸಿಲ್ಲ.

ಮೂತ್ರಪಿಂಡದ ಬಗೆಗಿನ ಆತಂಕ ಹೆಚ್ಚಾಗಿ ಹುಟ್ಟುವುದು ರಕ್ತಪರೀಕ್ಷೆಯ ವರದಿಯಿಂದ. ಸ್ನಾಯುವಿನ ಕ್ರಿಯಾಟಿನ್‌ನಲ್ಲಿ ದಿನಕ್ಕೆ ಶೇ. 1ರಿಂದ 2ರಷ್ಟು ತಾನಾಗಿಯೇ ಕ್ರಿಯಾಟಿನಿನ್ ಆಗಿ ಮಾರ್ಪಟ್ಟು, ರಕ್ತಕ್ಕೆ ಸೇರಿ, ಮೂತ್ರದಲ್ಲಿ ಹೊರಹೋಗುತ್ತದೆ. ಮೂತ್ರಪಿಂಡ ಸೋತಾಗ ಕ್ರಿಯಾಟಿನಿನ್ ರಕ್ತದಲ್ಲಿ ಉಳಿದುಬಿಡುವುದರಿಂದ, ಅದರ ಮಟ್ಟ, ವಯಸ್ಸು ಮತ್ತು ಲಿಂಗವನ್ನು ಸೂತ್ರಕ್ಕೆ ಹಾಕಿ ಪ್ರಯೋಗಾಲಯಗಳು ಸೋಸುವಿಕೆಯ ದರವನ್ನು ಅಂದಾಜಿಸುತ್ತವೆ. ವ್ಯಕ್ತಿಯ ಸ್ನಾಯು ಎಷ್ಟು ದಪ್ಪ, ಅವನು ಪುಡಿ ಸೇವಿಸುತ್ತಾನೆಯೇ ಎಂಬುದು ಆ ಸೂತ್ರಕ್ಕೆ ತಿಳಿಯದು. ಉತ್ಪತ್ತಿಯೇ ಹೆಚ್ಚಾದಾಗಲೂ ಮಟ್ಟ ಏರುತ್ತದೆ, ಅಂದಾಜಿನ ದರ ಇಳಿಯುತ್ತದೆ. ಸೋಸುವ ಕೆಲಸ ಮಾತ್ರ ಮೊದಲಿನಂತೆಯೇ ನಡೆದಿರಬಹುದು. ಬೇಯಿಸಿದ ಮಾಂಸದ ಊಟ ಮಾಡಿದ ಬಳಿಕವೂ ತಾತ್ಕಾಲಿಕವಾಗಿ ಹೀಗಾಗುತ್ತದೆ. ಇಂಥ ವರದಿಯೊಂದರಿಂದಲೇ ಆರೋಗ್ಯವಂತ ಯುವಕನಿಗೆ ಕಿಡ್ನಿ ರೋಗಿಯೆಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಬಹುತೇಕ ಎಲ್ಲ ಬಗೆಯ ಜೀವಕೋಶಗಳಲ್ಲೂ ತಯಾರಾಗುವ ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ ಅಳತೆಯೂ ಮೂತ್ರದ ಅಲ್ಬುಮಿನ್ ಪರೀಕ್ಷೆಯೂ ಇಲ್ಲಿ ಹೆಚ್ಚು ನೆರವಾಗುತ್ತವೆ.

1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಕರಣವೊಂದು ಈ ಭಯವನ್ನು ಹಬ್ಬಿಸಿತು. ಕ್ರಿಯಾಟಿನ್ ಸೇವಿಸುತ್ತಿದ್ದ 25 ವರ್ಷದ ಯುವಕನ ಕ್ರಿಯಾಟಿನಿನ್ ಏರಿತ್ತು, ನಿಲ್ಲಿಸಿದಾಗ ಇಳಿಯಿತು. ಆದರೆ ಆತನಿಗೆ ಮೊದಲೇ ಮೂತ್ರಪಿಂಡದ ಕಾಯಿಲೆಯಿತ್ತು. ಅದಕ್ಕಾಗಿ ಸೈಕ್ಲೊಸ್ಪೊರಿನ್ ಔಷಧವೂ ನಡೆದಿತ್ತು. ಮರುವರ್ಷ ಬೆಲ್ಜಿಯಂನ ಪೋರ್ಟ್‌ಮನ್ಸ್ ಮತ್ತು ಫ್ರಾಂಕೊ, 10 ತಿಂಗಳಿಂದ 5 ವರ್ಷದವರೆಗೆ ಪೂರಕ ಬಳಸಿದ್ದ ಕ್ರೀಡಾಪಟುಗಳನ್ನು ಪರೀಕ್ಷಿಸಿ, ಮೂತ್ರಪಿಂಡದ ಕಾರ್ಯದಲ್ಲಿ ಕುಂದು ಕಾಣಲಿಲ್ಲವೆಂದು ವರದಿ ಮಾಡಿದರು. ಬ್ರೆಜಿಲ್‌ನ ಸಂಶೋಧಕರು ಅಂದಾಜನ್ನು ನೆಚ್ಚದೆ, ವಿಕಿರಣಶೀಲ ಕ್ರೋಮಿಯಂ ಬೆರೆತ ಪದಾರ್ಥವನ್ನು ರಕ್ತಕ್ಕೆ ಸೇರಿಸಿ ಸೋಸುವಿಕೆಯನ್ನು ನೇರವಾಗಿ ಅಳೆದರು. ಹೆಚ್ಚು ಪ್ರೋಟೀನ್ ತಿನ್ನುತ್ತ ಭಾರ ಎತ್ತುವವರಲ್ಲಿ 12 ವಾರ ನಡೆದ ಆ ಪ್ರಯೋಗದಲ್ಲೂ ಹಾನಿ ಕಂಡುಬರಲಿಲ್ಲ. ಆರೋಗ್ಯವಂತರ ಮಟ್ಟಿಗೆ, ಶಿಫಾರಸಿನ ಪ್ರಮಾಣದಲ್ಲಿ ಕ್ರಿಯಾಟಿನ್ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದಕ್ಕೆ ಪುರಾವೆ ಇಲ್ಲ.

ಈ ಭರವಸೆಯನ್ನು ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹಾಗೆಯೇ ಅನ್ವಯಿಸಲಾಗದು. ಅವರು ವೈದ್ಯರನ್ನು ಕೇಳದೆ ಪುಡಿ ಮುಟ್ಟಬಾರದು. ಮಧುಮೇಹ, ರಕ್ತದೊತ್ತಡ ಉಳ್ಳವರೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು, ಏಕೆಂದರೆ ಇವೆರಡೂ ಸದ್ದಿಲ್ಲದೆ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ರಕ್ತಪರೀಕ್ಷೆಗೆ ಹೋದಾಗ ಸೇವಿಸುತ್ತಿರುವ ಪುಡಿಯ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಅವರು ಕೆಲವು ವಾರ ನಿಲ್ಲಿಸಿ ಮರುಪರೀಕ್ಷೆಗೆ ಹೇಳಬಹುದು.

ಏರಿದ ಕ್ರಿಯಾಟಿನಿನ್‌ಗೆಲ್ಲ ಪುಡಿಯೇ ಕಾರಣವೆಂದು ಕೈಬಿಡುವುದೂ ಅಷ್ಟೇ ಅಪಾಯಕರ. ಅಭ್ಯಾಸವಿಲ್ಲದೆ ಒಮ್ಮೆಲೇ ವಿಪರೀತ ವ್ಯಾಯಾಮ ಮಾಡಿದಾಗ, ಅದರಲ್ಲೂ ಬಿಸಿಲಿನಲ್ಲಿ ನೀರು ಸಾಲದಿದ್ದಾಗ, ಸ್ನಾಯುಗಳು ಒಡೆದು ಅವುಗಳಲ್ಲಿನ ಮಯೊಗ್ಲೊಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ನುಗ್ಗಿ ಮೂತ್ರಪಿಂಡಕ್ಕೆ ನಿಜವಾದ ಪೆಟ್ಟು ಕೊಡಬಲ್ಲದು. ತಡೆಯಲಾಗದ ಸ್ನಾಯುನೋವಿನ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ನೋವಿನ ಮಾತ್ರೆ ನುಂಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.