ಯೇಳಕೋಟದ ಊರಲ್ಲಿ ಇಂಗ್ಲಿಷ್ ಅಕ್ಷರ

2000ನೇ ಇಸವಿಯ ಜೂನ್ ತಿಂಗಳಲ್ಲಿ, ಪುಣೆ ಜಿಲ್ಲೆಯಲ್ಲಿ ಖಂಡೋಬಾ ದೇವರ ಊರಾದ ಜೇಜುರಿಯ ಶಾಲೆಯೊಂದರ ಒಂದನೇ ಇಯತ್ತೆಯ ಮಕ್ಕಳ ಎದುರು ನಿಂತು ಮೊದಲ ಸಲ ಇಂಗ್ಲಿಷ್ ಪಾಠ ಮಾಡಿದೆ. ಅದಕ್ಕೆ ಮುಂಚೆ ಹದಿನೇಳು ವರ್ಷ ಮರಾಠಿ, ಗಣಿತ ಕಲಿಸಿದ್ದೆ. ಅಂದು ಕೈಯಲ್ಲಿದ್ದ ಸೀಮೆಸುಣ್ಣ ಬೆವರಿಗೆ ಒದ್ದೆಯಾಗಿತ್ತು. ಮಕ್ಕಳಿಗೆ ಮರಾಠಿ ಅಕ್ಷರವೇ ಇನ್ನೂ ಕೂಡಿಬಂದಿರಲಿಲ್ಲ. ನನಗೆ ನನ್ನ ಇಂಗ್ಲಿಷಿನ ಮೇಲೆ ಭರವಸೆ ಇರಲಿಲ್ಲ.

ನಾನು ಜತ್ತ ತಾಲೂಕಿನವಳು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದ್ದರೂ ನಮ್ಮದು ಕನ್ನಡ ಮನೆ, ಕಲಿತದ್ದು ಕನ್ನಡ ಶಾಲೆಯಲ್ಲಿ. ಕಲಿಸುವ ಹೆಣ್ಣುಮಗಳನ್ನು ಅಲ್ಲಿ ‘ಅಕ್ಕೋರು’ ಎನ್ನುತ್ತಿದ್ದೆವು. ಜೇಜುರಿಯಲ್ಲಿ ನಾನು ‘ಬಾಯಿ’ ಆದೆ. ನಮ್ಮಪ್ಪ ಮುಲ್ಕಿ ಪಾಸಾದವರು. ಏಳನೆಯ ಇಯತ್ತೆಯ ಆ ಪರೀಕ್ಷೆಗೆ ಹಳ್ಳಿಯಲ್ಲಿ ಆಗ ದೊಡ್ಡ ಮರ್ಯಾದೆ. ಹೊಲದ ಸಾತ್‌ಬಾರಾ ಉತಾರೆ ಓದಿ ಹೇಳಿರೆಂದು ಜನ ಅವರ ಕಟ್ಟೆಗೆ ಬರುತ್ತಿದ್ದರು. ಆದರೆ ಮನೆಗೆ ಇಂಗ್ಲಿಷಿನಲ್ಲಿ ತಂತಿ ಬಂದರೆ ಅಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಪೋಸ್ಟ್ ಮಾಸ್ತರರ ಮನೆಗೆ ಓಡುತ್ತಿದ್ದರು. ಅಜ್ಜಿ ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ಹೀಗೆ, ಪರರ ಬಾಯಿಂದ. ಏಳು ವರ್ಷ ಓದಿದ ಮನುಷ್ಯನಿಗೆ ಇಂಗ್ಲಿಷಿನ ಒಂದಕ್ಷರವೂ ಬರದಂತೆ ಆದದ್ದು ಹೇಗೆ? ಬಹಳ ವರ್ಷ ಈ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ಜೇಜುರಿ ಇರುವ ಪುರಂದರ ತಾಲೂಕಿನಲ್ಲಿಯೇ. ಮಹಾತ್ಮಾ ಜೋತಿಬಾ ಫುಲೆಯವರ ಮನೆತನ ಪುಣೆ ಸೇರುವ ಮುಂಚೆ ನೆಲೆಸಿದ್ದ ಖಾನವಡಿ ಈ ತಾಲೂಕಿನದು. ಜೋತಿಬಾ ಹುಡುಗನಾಗಿದ್ದಾಗ ಶಾಲೆ ಬಿಡಿಸಿ ಹೂವಿನ ತೋಟದ ಕೆಲಸಕ್ಕೆ ಹಚ್ಚಿದ್ದರು. ನೆರೆಯ ಗಫಾರ್ ಬೇಗ್ ಮುನ್ಶಿ ಮತ್ತು ಲಿಜಿಟ್ ಸಾಹೇಬರು ತಂದೆಗೆ ತಿಳಿಹೇಳಿದ ಮೇಲೆ 1841ರಲ್ಲಿ ಹುಡುಗ ಪುಣೆಯ ಸ್ಕಾಟಿಷ್ ಮಿಷನ್ ಶಾಲೆ ಸೇರಿದ. ಅಲ್ಲಿ ಕಲಿತ ಇಂಗ್ಲಿಷಿನಿಂದಲೇ ಮುಂದೆ ಥಾಮಸ್ ಪೇನ್ ಬರೆದ ಮನುಷ್ಯನ ಹಕ್ಕುಗಳ ಪುಸ್ತಕವನ್ನು ಓದಿದರು. ಪತ್ನಿ ಸಾವಿತ್ರಿಬಾಯಿಗೆ ಮನೆಯಲ್ಲಿ ತಾವೇ ಅಕ್ಷರ ಕಲಿಸಿದರು. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1854ರಲ್ಲಿ ಬಂದ ತಮ್ಮ ಕವನ ಸಂಕಲನ ‘ಕಾವ್ಯಫುಲೆ’ಯಲ್ಲಿ ಸಾವಿತ್ರಿಬಾಯಿ ಇಂಗ್ಲಿಷನ್ನು ತಾಯಿ ಎಂದು ಕರೆದು, ಕೆಳಗೆ ತಳ್ಳಲ್ಪಟ್ಟವರು ಅದನ್ನು ಕಲಿಯಲಿ ಎಂದು ಕರೆಕೊಟ್ಟರು. ಹೂವಾಡಿಗರ ಮನೆಯ ಸೊಸೆಗೆ ಆ ಭಾಷೆಯಲ್ಲಿ ಕಂಡದ್ದು ಬಿಡುಗಡೆಯ ಬಾಗಿಲು.

1882ರಲ್ಲಿ ಶಿಕ್ಷಣದ ವಿಚಾರಣೆಗೆ ಹಂಟರ್ ಆಯೋಗ ಬಂದಾಗ ಜೋತಿಬಾ ಒಂದು ನಿವೇದನೆ ಕೊಟ್ಟರು. ಅದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಹನ್ನೆರಡು ವರ್ಷದವರೆಗೆ ಶಿಕ್ಷಣ ಕಡ್ಡಾಯವಾಗಲಿ ಎಂದು ಕೇಳಿದ ಪತ್ರವೆಂದು ಅದು ಹೆಸರಾಗಿದೆ. ನನ್ನ ಕಣ್ಣು ಪ್ರತಿ ಸಲ ನಿಲ್ಲುವುದು ಶಿಕ್ಷಕರ ಮಾತು ಬರುವ ಕಡೆ. ಶಿಕ್ಷಕ ತರಬೇತಿ ಪಡೆದವನಾಗಿರಬೇಕು, ಅವನಿಗೆ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಪಗಾರ ಇರಬಾರದು, ಸಾಧ್ಯವಾದಷ್ಟು ಒಕ್ಕಲು ಮನೆಗಳಿಂದ ಬಂದವನಾಗಿರಬೇಕು, ಹೊತ್ತು ಬಂದರೆ ನೇಗಿಲ ಹಿಡಿ ಹಿಡಿಯಲು ನಾಚದೆ ಬಡವರಲ್ಲಿ ಬೆರೆಯುವವನಾಗಿರಬೇಕು ಎಂದು ಅವರು ಬರೆದರು. ಮಗುವಿನ ಮನೆಯ ಮಾತು ಬಲ್ಲವನೇ ಅದಕ್ಕೆ ಹೊಸ ಮಾತು ಕಲಿಸಬಲ್ಲ ಎಂಬ ತಿಳಿವಳಿಕೆ ಈ ಸಾಲುಗಳ ಬೆನ್ನಿಗಿದೆ ಎಂದು ನಾನು ಓದಿಕೊಂಡಿದ್ದೇನೆ.

ಮುಂದೆ ನಡೆದ ವಾದವೆಲ್ಲ ಒಂದೇ ಗೂಟದ ಸುತ್ತ: ಇಂಗ್ಲಿಷ್ ಎಷ್ಟನೆಯ ಇಯತ್ತೆಯಿಂದ? ಸ್ವಾತಂತ್ರ್ಯದ ಹೊತ್ತಿಗೆ ಮುಂಬಯಿ ಪ್ರಾಂತದಲ್ಲಿ ಬಾಳಾಸಾಹೇಬ ಖೇರ್ ಅವರ ಸರಕಾರ ಅದನ್ನು ಎಂಟನೆಯದಕ್ಕೆ ಸರಿಸಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಶಾಲೆಗಳೂ ಆಗ ಅದೇ ಪ್ರಾಂತದವು. ಅಲ್ಲಿ ಮುಲ್ಕಿಗೆ ಶಾಲೆ ನಿಲ್ಲಿಸಿದ ಸಾವಿರಾರು ಜನರ ಕಥೆ ನಮ್ಮಪ್ಪನದೇ. ತಾಯ್ನುಡಿ ಗಟ್ಟಿಯಾಗಲಿ ಎಂಬ ಆಸೆ ಆ ನಿರ್ಧಾರದಲ್ಲಿತ್ತು, ಆ ಆಸೆ ತಪ್ಪಲ್ಲ. ಆದರೆ ಎಂಟನೆಯದಕ್ಕೆ ಹೋಗುವವರೇ ಕಡಿಮೆ. ಉಳಿದವರಿಗೆ ಇಂಗ್ಲಿಷ್ ಎಂದೂ ಬರಲೇ ಇಲ್ಲ. ಮಹಾರಾಷ್ಟ್ರ ರಾಜ್ಯವಾದ ಮೇಲೆ ಅದು ಐದನೆಯದಕ್ಕೆ ಬಂತು. 1971ರಲ್ಲಿ ನಾನು ಐದನೆಯ ಇಯತ್ತೆ. ‘ಕ್ಯಾಟ್ ಅಂದರ ಬೆಕ್ಕು, ರ‍್ಯಾಟ್ ಅಂದರ ಇಲಿ’ ಎಂದು ಮೂವತ್ತು ಜನ ಒಂದೇ ರಾಗದಲ್ಲಿ ಕೂಗುತ್ತಿದ್ದೆವು. ವರ್ಷ ಕಳೆದರೂ ಆ ಬೆಕ್ಕು ಒಂದು ವಾಕ್ಯದೊಳಗೆ ಕಾಲಿಡಲಿಲ್ಲ.

ಅದೇ ದಶಕದಲ್ಲಿ ಜೇಜುರಿಯ ಹೆಸರು ಇಂಗ್ಲಿಷಿನಲ್ಲಿ ಲೋಕವೆಲ್ಲ ಸುತ್ತಿತು. ಅರುಣ ಕೋಲಟ್ಕರ್ ಅವರ ‘ಜೇಜುರಿ’ ಎಂಬ ಇಂಗ್ಲಿಷ್ ಕವನಗಳ ಪುಸ್ತಕ 1976ರಲ್ಲಿ ಬಂದು, ಮರುವರ್ಷ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಪಡೆಯಿತು. ಖಂಡೋಬಾನ ಗಡದ ಮೆಟ್ಟಿಲುಗಳ ಮೇಲೆ ಭಂಡಾರದ ಅರಿಶಿನ ಮಾರುತ್ತಿದ್ದ ನಾಲ್ಕನೇ ಇಯತ್ತೆಯ ಮಗು ಆ ಪುಸ್ತಕದ ರಕ್ಷಾಪುಟದ ಮೇಲಿನ ತನ್ನೂರಿನ ಹೆಸರನ್ನೂ ಓದಲಾರದಾಗಿತ್ತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

2000ದಲ್ಲಿ ಇಂಗ್ಲಿಷನ್ನು ಒಂದನೆಯದಕ್ಕೆ ತಂದವರು ಆಗ ಶಾಲಾ ಶಿಕ್ಷಣ ಮಂತ್ರಿಯಾಗಿದ್ದ ಪ್ರಾಧ್ಯಾಪಕ ರಾಮಕೃಷ್ಣ ಮೋರೆ. ಪುಣೆ ಜಿಲ್ಲೆಯವರೇ. ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಶಾಲೆ ಇದೆ, ಬಹುಜನರ ಮಕ್ಕಳೇಕೆ ಐದನೆಯದರವರೆಗೆ ಕಾಯಬೇಕು ಎಂಬುದು ಅವರ ವಾದ. ಮರಾಠಿ ಕುಸಿಯುತ್ತದೆ ಎಂದು ಸಾಹಿತಿಗಳು, ಶಿಕ್ಷಣತಜ್ಞರು ಗಟ್ಟಿಯಾಗಿ ವಿರೋಧಿಸಿದರು. ನಾನು ಮೋರೆಯವರ ಪರ ಇದ್ದೆ, ಈಗಲೂ ಇದ್ದೇನೆ. ಪೋಸ್ಟ್ ಮಾಸ್ತರರ ಮನೆಗೆ ಓಡುತ್ತಿದ್ದ ಅಪ್ಪನನ್ನು ಕಂಡವಳು ಬೇರೆ ಕಡೆ ನಿಲ್ಲಲಾರಳು. ಆದರೆ ಬಾಗಿಲು ತೆರೆದವರು ಒಳಗೆ ಕರೆದೊಯ್ಯುವವರನ್ನು ತಯಾರು ಮಾಡಲಿಲ್ಲ. ಐದನೆಯದಕ್ಕೆ ಇಂಗ್ಲಿಷ್ ಶುರುಮಾಡಿ ಹೇಗೋ ಪಾಸಾದ ನಮ್ಮಂಥವರನ್ನು ಕೆಲವೇ ದಿನದ ತರಬೇತಿಗೆ ಕರೆದು, ಪುಸ್ತಕ ಕೈಗಿಟ್ಟು ಕಳಿಸಿದರು. ಆ ತರಬೇತಿಯಲ್ಲಿ ಮಾತು ಕಲಿಸುವ ಬಗೆಯನ್ನು ಯಾರೂ ಮಾಡಿ ತೋರಿಸಲಿಲ್ಲ.

ನನಗೆ ದಾರಿ ತೋರಿಸಿದವನು ಒಬ್ಬ ವಾಘ್ಯಾನ ಮಗ. ವಾಘ್ಯಾ ಎಂದರೆ ಖಂಡೋಬಾನಿಗೆ ಹರಕೆಯಾಗಿ ಬಿಟ್ಟ ಹಾಡುಗಾರ; ನಮ್ಮ ಮೈಲಾರನ ಗೊರವರ ಹಾಗೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಬಣ್ಣಗಳ ಪಾಠ. ಬಣ್ಣದ ಚಿತ್ರಗಳು ಇರಲಿಲ್ಲ. ಗಡದ ಕೆಳಗಿನ ಅಂಗಡಿಯಿಂದ ಒಂದು ಪುಡಿಕೆ ಭಂಡಾರ ತಂದಿದ್ದೆ. ಅರಿಶಿನವನ್ನು ಅಂಗೈಯಲ್ಲಿ ಹಿಡಿದು ‘ಯೆಲ್ಲೋ’ ಎಂದೆ. ಆ ಹುಡುಗ ಎದ್ದು ನಿಂತು ‘ಬಾಯೀ, ಯೇಳಕೋಟಾಚಾ ಯೆಲ್ಲೋ!’ ಎಂದು ಕೂಗಿದ. ವರ್ಗಕ್ಕೆ ವರ್ಗವೇ ‘ಯೇಳಕೋಟ ಯೇಳಕೋಟ’ ಎಂದು ಎದ್ದಿತು. ಆ ಪದವನ್ನು ಆ ಮಕ್ಕಳು ಮತ್ತೆ ಮರೆಯಲಿಲ್ಲ.

ಅಂದು ನನ್ನ ಗಂಟಲು ಕಟ್ಟಿತು. ಯಾಕೆಂದರೆ ಖಂಡೋಬಾನ ಭಕ್ತರು ಕೂಗುವ ಯೇಳಕೋಟ ಎಂಬುದು ನಮ್ಮ ‘ಏಳು ಕೋಟಿ’. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಬೀದರಿನ ಹತ್ತಿರದ ಆದಿಮೈಲಾರದಲ್ಲಿ, ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲಿ ನಮ್ಮ ಜನ ಕೂಗುವ ಅದೇ ಏಳು ಕೋಟಿ. ಜೇಜುರಿಯ ಮಗು ಹುಟ್ಟಿದಾಗಿನಿಂದ ಒಂದು ಕನ್ನಡ ಎಣಿಕೆಯನ್ನು ತನ್ನದೆಂದೇ ಕೂಗುತ್ತ ಬೆಳೆಯುತ್ತದೆ. ಪರಭಾಷೆಯ ಮಾತು ದೇವರ ಜೊತೆ, ಅರಿಶಿನದ ಜೊತೆ, ಅಪ್ಪನ ಹೆಗಲ ಮೇಲೆ ಕೂತಾಗ ಕಿವಿಗೆ ಬಿದ್ದರೆ ಮಗುವಿಗೆ ಅದು ಪರಭಾಷೆ ಅನ್ನಿಸುವುದೇ ಇಲ್ಲ.

ಮರುದಿನದಿಂದ ಪುಸ್ತಕ ಮುಚ್ಚಿಟ್ಟು ಮಕ್ಕಳನ್ನು ಪೇಟೆಗೆ ಕರೆದೊಯ್ದೆ. ಟೇಶನ್, ಟಿಕೀಟ್, ಬಸ್, ಲೈನ್, ಫೋಟೋ, ಗ್ಲಾಸ್, ಪ್ಲೇಟ್: ಅವರ ಬಾಯಲ್ಲಿ ಆಗಲೇ ಇದ್ದ ಪದಗಳನ್ನು ಎಣಿಸಿದೆವು. ನೂರಕ್ಕೆ ಹತ್ತಿರವಾದವು. ಮೊದಲ ಆರು ತಿಂಗಳು ಬರೆಸಲೇ ಇಲ್ಲ, ಮಾತು ಮಾತ್ರ. ಅರ್ಥ ಹೇಳುವಾಗ ಮರಾಠಿ ಬಿಡಲಿಲ್ಲ. ಧನಗರರ ಮಕ್ಕಳಿಗೆ ಕುರಿಯ ಲೆಕ್ಕವೇ ಇಂಗ್ಲಿಷ್ ಎಣಿಕೆಯಾಯಿತು. ಸೋಮವತಿ ಅಮಾವಾಸ್ಯೆಗೆ ಪಾಲಖಿ ಕರ್ಹಾ ನದಿಗೆ ಇಳಿಯುವ ದಿನ ಶಾಲೆ ಖಾಲಿ. ಮರುದಿನ ಕಂಡದ್ದನ್ನೆಲ್ಲ ಮರಾಠಿಯಲ್ಲಿ ಹೇಳಿಸಿ, ನಡುನಡುವೆ ಒಂದೊಂದು ಪದವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆವು.

ಜ್ಞಾನೇಶ್ವರರ ಪಾಲಖಿ ಸಾಗುವ ದಾರಿ ಹಿಡಿದು ಜೇಜುರಿಯಿಂದ ಲೋಣಂದ ದಾಟಿದರೆ ಫಲ್ಟಣ ಬರುತ್ತದೆ. ಅಮೆರಿಕದಲ್ಲಿ ಹುಟ್ಟಿ ಭಾರತದ ಪ್ರಜೆಯಾದ ಭಾಷಾವಿಜ್ಞಾನಿ ಮ್ಯಾಕ್ಸೀನ್ ಬರ್ನ್ಟ್‌ಸನ್ ಅಲ್ಲಿ ಕಟ್ಟಿದ ಕಮಲಾ ನಿಂಬಕರ ಬಾಲಭವನ ಮರಾಠಿ ಮಾಧ್ಯಮದ ಶಾಲೆ. ಇಂಗ್ಲಿಷ್ ತಾಯ್ನುಡಿಯಾದ ಹೆಣ್ಣುಮಗಳು ಮರಾಠಿ ಶಾಲೆ ಕಟ್ಟಿದ್ದು ತಿಳಿದ ಮೇಲೆ ಮರಾಠಿಯ ಆಸರೆಯಲ್ಲೇ ಇಂಗ್ಲಿಷ್ ಕಲಿಸುವ ನನ್ನ ಧೈರ್ಯ ಹೆಚ್ಚಿತು.

ಗಡಿಯ ಆಚೆ ಕರ್ನಾಟಕದಲ್ಲೂ ಇದೇ ಜಗ್ಗಾಟ. ಗೋಕಾಕ್ ವರದಿ, 1994ರ ಶಿಕ್ಷಣ ಮಾಧ್ಯಮ ಆದೇಶ, 2007ರಲ್ಲಿ ಒಂದನೇ ತರಗತಿಗೆ ಬಂದ ಇಂಗ್ಲಿಷ್, ಮಾಧ್ಯಮ ಆದೇಶದ ಮೇಲೆ 2014ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ಯಾವ ಭಾಷೆ, ಯಾವ ತರಗತಿ ಎಂಬುದಕ್ಕೆ ಬೀದಿಗಿಳಿದವರು ಇದ್ದಾರೆ. ಕಲಿಸುವವರ ತಯಾರಿಗಾಗಿ ಬೀದಿಗಿಳಿದವರನ್ನು ನಾನು ಕಂಡಿಲ್ಲ.

ನಾನು 2019ರಲ್ಲಿ ನಿವೃತ್ತಳಾದೆ. ನನ್ನ ಕೊನೆಯ ವರ್ಗದಲ್ಲಿ ಜೇಜುರಿಯ ಕಾರಖಾನೆಗಳಿಗೆ ದುಡಿಯಲು ಬಂದ ಬಿಹಾರದವರ ಮಕ್ಕಳಿದ್ದರು. ಅವರಿಗೆ ಮರಾಠಿಯೂ ಹೊಸದು, ಇಂಗ್ಲಿಷೂ ಹೊಸದು. ಅವರ ಜೊತೆ ನಾಲ್ಕು ಮಾತಾಡಲೆಂದು ಐವತ್ತೇಳನೆಯ ವಯಸ್ಸಿನಲ್ಲಿ ನಾನು ಭೋಜಪುರಿ ಪದಗಳನ್ನು ವಹಿಯಲ್ಲಿ ಬರೆದುಕೊಂಡೆ.

ನಿಮ್ಮೂರಿನ ಕನ್ನಡ ಶಾಲೆಗೆ ಹೋದಾಗ, ಇಂಗ್ಲಿಷ್ ಎಷ್ಟನೆಯ ತರಗತಿಯಿಂದ ಎಂದು ಕೇಳಿ ಹಿಂದಿರುಗಬೇಡಿ. ಒಂದನೇ ತರಗತಿಗೆ ಕಲಿಸುವ ಅಕ್ಕೋರು ಯಾರು, ಅವರಿಗೆ ಎಷ್ಟು ದಿನದ ತರಬೇತಿ ಸಿಕ್ಕಿದೆ, ಮಕ್ಕಳ ಮನೆಮಾತು ಅವರಿಗೆ ಬರುತ್ತದೆಯೇ ಎಂದು ಕೇಳಿ. ಉತ್ತರ ಸಿಗುವವರೆಗೆ ಅಲ್ಲಿಂದ ಕದಲಬೇಡಿ.