ಚಾಂಪಿಯನ್ನರ ಪಟ್ಟಿಯಲ್ಲಿಲ್ಲದ ಮೂರು ಊರುಗಳು

ಫುಟ್‌ಬಾಲ್ ಲೀಗ್ ಎಂಬ ಏರ್ಪಾಟು ಹುಟ್ಟಿದ್ದು ಮ್ಯಾಂಚೆಸ್ಟರ್‌ನಲ್ಲಿ, 1888ರ ಏಪ್ರಿಲ್‌ನಲ್ಲಿ. 12 ಕ್ಲಬ್‌ಗಳ ಆ ಮೊದಲ ಲೀಗಿನ ಚಾಂಪಿಯನ್ ಪ್ರೆಸ್ಟನ್ ನಾರ್ತ್ ಎಂಡ್ ಹತ್ತಿ ಗಿರಣಿಗಳ ಊರಿನ ತಂಡ. ಗಿರಣಿಗಳ ಕಾರಣಕ್ಕೇ ಅಹಮದಾಬಾದಿಗೆ ‘ಭಾರತದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂದಿತ್ತು. ಹೆಸರು ಬಂತು, ಫುಟ್‌ಬಾಲ್ ಕಪ್ ಬರಲಿಲ್ಲ. ಭಾರತದ ಪುರುಷರ ಲೀಗ್ ಗೆದ್ದವರ ಪಟ್ಟಿಯಲ್ಲಿ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಇಲ್ಲ. ಹಣವಿರುವ, ಜನವಿರುವ ಈ ಊರುಗಳು ಏಕಿಲ್ಲ ಎಂದು ಕೇಳುವ ಮೊದಲು, ಪಟ್ಟಿಯಲ್ಲಿ ಯಾರಿದ್ದಾರೆ ಎಂದು ನೋಡಬೇಕು.

1996ರಲ್ಲಿ ಶುರುವಾದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೊದಲ ಕಪ್ ಗೆದ್ದದ್ದು ಪಂಜಾಬಿನ ಫಗ್ವಾಡಾದ ಬಟ್ಟೆ ಗಿರಣಿಯ ತಂಡ, ಜೆಸಿಟಿ. ಆ ಲೀಗ್ ನಡೆದ 11 ಋತುಗಳಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಲಾ 3 ಸಲ ಗೆದ್ದವು. ಗೋವಾದ ಡೆಂಪೊ 2 ಸಲ, ಸಾಲ್ಗಾಂವ್ಕರ್ ಒಮ್ಮೆ, ಮುಂಬೈನ ಮಹೀಂದ್ರಾ ಯುನೈಟೆಡ್ ಒಮ್ಮೆ. 2007ರಲ್ಲಿ ಅದರ ಜಾಗಕ್ಕೆ ಐ-ಲೀಗ್ ಬಂತು. ಅದರ ಮೊದಲ 6 ಕಪ್‌ಗಳೂ ಗೋವಾ ಬಿಟ್ಟು ಹೊರಗೆ ಹೋಗಲಿಲ್ಲ. 2013-14ರಲ್ಲಿ ಆ ಸಾಲನ್ನು ಮುರಿದದ್ದು ತನ್ನ ಮೊದಲ ಋತುವನ್ನೇ ಆಡುತ್ತಿದ್ದ ಬೆಂಗಳೂರು ಎಫ್‌ಸಿ.

ಹೊಸ ಕ್ಲಬ್ ಒಂದೇ ವರ್ಷದಲ್ಲಿ ಗೆದ್ದದ್ದು ಪವಾಡದಂತೆ ಕಂಡರೂ ಬೆಂಗಳೂರು ಹೊಸ ನೆಲವಾಗಿರಲಿಲ್ಲ. ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳು, ಜಿಲ್ಲಾ ಲೀಗ್, ಆಟ ನೋಡಿ ಬೆಳೆದ ಬಡಾವಣೆಗಳು ಅಲ್ಲಿ ಮೊದಲೇ ಇದ್ದವು. ಕೋಲ್ಕತ್ತದ ಲೀಗ್ 1898ರಷ್ಟು ಹಳೆಯದು. ಹಾಗೆಂದು ನೂರು ವರ್ಷ ಕಾಯಲೇಬೇಕು ಅಂತಲೂ ಇಲ್ಲ. ಮಿಜೋರಾಂ ತನ್ನ ಪ್ರೀಮಿಯರ್ ಲೀಗನ್ನು ಆರಂಭಿಸಿದ್ದು 2012ರಲ್ಲಿ. 2017ರ ಏಪ್ರಿಲ್ 30ರಂದು ಐಜ್ವಾಲ್ ಎಫ್‌ಸಿ ದೇಶದ ಚಾಂಪಿಯನ್ ಆಯಿತು. ಊರೊಳಗೆ ವರ್ಷವೂ ನಡೆಯುವ ಲೀಗ್ ಇದ್ದರೆ ದೊಡ್ಡ ಬಂಡವಾಳವಿಲ್ಲದ ಗುಡ್ಡದ ಊರೂ ಗೆಲ್ಲಬಹುದು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು, ಜೆಸಿಟಿ 2011ರಲ್ಲಿ. ಮಾಲೀಕರ ಮನಸ್ಸು ಬದಲಾದದ್ದೇ ತಡ, ಚಾಂಪಿಯನ್ ತಂಡಗಳೇ ಇಲ್ಲವಾದವು. ಹಣವೊಂದೇ ಸಾಕು ಅನ್ನುವವರಿಗೆ ಈ ಎರಡು ಹೆಸರು ಸಾಕು.

ಗುಜರಾತಿನಲ್ಲಿ ಕ್ಲಬ್ಬಿಗಿಂತ ಮೊದಲು ಎದ್ದು ನಿಂತದ್ದು ಕ್ರೀಡಾಂಗಣ. ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಟ್ರಾನ್ಸ್‌ಸ್ಟೇಡಿಯಾದಲ್ಲಿ ಸುಮಾರು 20,000 ಜನ ಕೂರಬಹುದು. 2016ರಲ್ಲಿ ಅಲ್ಲಿ ಕಬಡ್ಡಿ ವಿಶ್ವಕಪ್ ನಡೆಯಿತು. 2019ರ ಜುಲೈನಲ್ಲಿ ನಡೆದ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ಭಾರತ ತಜಿಕಿಸ್ತಾನಕ್ಕೆ 4-2ರಿಂದ, ಉತ್ತರ ಕೊರಿಯಾಕ್ಕೆ 5-2ರಿಂದ ಸೋತು, ನಾಲ್ಕು ತಂಡಗಳಲ್ಲಿ ಕೊನೆಯದಾಯಿತು.

ಮೇಲಿನ ಲೀಗಿಗೆ ಹೋಗಲು ಎರಡು ದಾರಿಗಳಿದ್ದವು. ಮೊದಲನೆಯದು ಫ್ರಾಂಚೈಸಿ. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಹೊಸ ತಂಡಗಳಿಗಾಗಿ 10 ಊರುಗಳ ಹೆಸರಿಟ್ಟು ಬಿಡ್ ಕರೆಯಿತು. ಅಹಮದಾಬಾದ್ ಅದರಲ್ಲಿತ್ತು. ಒಳಗೆ ಹೋದದ್ದು ಬೆಂಗಳೂರು ಮತ್ತು ಜಮ್ಶೆಡ್‌ಪುರ. ಎರಡನೆಯದು ಮೆಟ್ಟಿಲು ಹತ್ತುವ ದಾರಿ. ಅಹಮದಾಬಾದ್ ರಾಕೆಟ್ ಅಕಾಡೆಮಿಯ ತಂಡ ಎಆರ್‌ಎ ಎಫ್‌ಸಿ 2018-19ರಲ್ಲಿ ಐ-ಲೀಗಿನ ಎರಡನೇ ದರ್ಜೆಯಲ್ಲಿ ಆಡಿತು. ಗುಜರಾತಿನ ಕ್ಲಬ್ಬೊಂದು ಅಲ್ಲಿಗೆ ಬಂದದ್ದು ಅದೇ ಮೊದಲು. 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ನಡುವೆ, ಬಂಗಾಳದಲ್ಲಿ ನಡೆದ 5 ತಂಡಗಳ ಅರ್ಹತಾ ಪಂದ್ಯಾವಳಿಯಲ್ಲೂ ಅದು ಇತ್ತು. ಎಫ್‌ಸಿ ಬೆಂಗಳೂರು ಯುನೈಟೆಡ್ ಕೂಡ ಇತ್ತು. ಮೇಲೆ ಹೋದದ್ದು ಕೋಲ್ಕತ್ತದ ಮೊಹಮ್ಮಡನ್. ಅದೇ ಮೊಹಮ್ಮಡನ್ 2023-24ರಲ್ಲಿ ಐ-ಲೀಗ್ ಗೆದ್ದು ಸೂಪರ್ ಲೀಗಿಗೆ ಏರಿತು. ನಾಲ್ಕು ವರ್ಷದ ಹಿಂದೆ ಎರಡೂ ಕ್ಲಬ್‌ಗಳು ನಿಂತದ್ದು ಒಂದೇ ಮೆಟ್ಟಿಲ ಮೇಲೆ. ಆದರೆ ಒಂದರ ಬೆನ್ನಿಗೆ 1891ರಿಂದ ಬಂದ ಬೆಂಬಲಿಗರಿದ್ದರು, ಇನ್ನೊಂದರ ಹಿಂದೆ ಕೆಲವೇ ವರ್ಷಗಳ ದುಡಿಮೆ ಇತ್ತು.

ಮಹಿಳೆಯರ ಕತೆ ಬೇರೆ. ಪುರುಷರಿಗೆ ತೆರೆಯದ ಅತ್ಯುನ್ನತ ಲೀಗಿನ ಬಾಗಿಲು ಗುಜರಾತಿನ ಹೆಣ್ಣುಮಕ್ಕಳಿಗೆ ತೆರೆಯಿತು. 2020ರ ಆರಂಭದಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ವಡೋದರಾದ ಬರೋಡಾ ಫುಟ್‌ಬಾಲ್ ಅಕಾಡೆಮಿ ಆಡಿತು. 2021-22ರಲ್ಲಿ ಎಆರ್‌ಎ ಆಡಿತು. 2023ರಲ್ಲಿ 16 ತಂಡಗಳ ಇಡೀ ಲೀಗೇ ಅಹಮದಾಬಾದಿಗೆ ಬಂತು. ಗುಜರಾತಿನ ಕಹಾನಿ ಎಫ್‌ಸಿ ಅದರಲ್ಲಿತ್ತು. ಮೇ 21ರ ಫೈನಲ್‌ನಲ್ಲಿ ಗೋಕುಲಂ ಕೇರಳ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವನ್ನು 5-0ರಿಂದ ಸೋಲಿಸಿ ಸತತ ಮೂರನೇ ಕಪ್ ಎತ್ತಿತು. ಕಪ್ ಎತ್ತಿದ್ದು ಅಹಮದಾಬಾದಿನಲ್ಲಿ, ಹೋದದ್ದು ಮಾತ್ರ ಕೋಝಿಕ್ಕೋಡಿಗೆ.

2024ರ ಮೇ ತಿಂಗಳಲ್ಲಿ ಅದೇ ಕ್ರೀಡಾಂಗಣದಲ್ಲಿ ಗುಜರಾತ್ ತನ್ನದೇ ಸೂಪರ್ ಲೀಗ್ ನಡೆಸಿತು. 6 ತಂಡಗಳು. ಅಹಮದಾಬಾದ್ ಅವೆಂಜರ್ಸ್, ವಡೋದರಾ ವಾರಿಯರ್ಸ್, ಸೂರತ್ ಸ್ಟ್ರೈಕರ್ಸ್ ಎಂದು ಮೂರು ಊರುಗಳ ಹೆಸರೂ ಜರ್ಸಿಯ ಮೇಲೆ ಬಂದವು. ಇದು ಸಣ್ಣ ಸಂಗತಿಯಲ್ಲ. ಆದರೆ ಸೂರತ್ತಿನ ತಂಡ ಆಡಿದ್ದು ಸೂರತ್ತಿನಲ್ಲಲ್ಲ. ಸೂರತ್ತಿನ ಹುಡುಗನೊಬ್ಬ ಸಂಜೆ ನಡೆದುಕೊಂಡು ಹೋಗಿ ತನ್ನೂರಿನ ತಂಡದ ಆಟ ನೋಡಿ, ಮುಂದಿನ ವಾರ ಮತ್ತೆ ಹೋಗುವಂತಾಗಬೇಕು. ಕೋಲ್ಕತ್ತ, ಮಡಗಾಂವ್, ಐಜ್ವಾಲ್‌ಗಳಲ್ಲಿ ಕಪ್‌ಗಿಂತ ಮೊದಲು ಬಂದದ್ದು ಅದೇ.